ಎಸ್‌ಪಿಎಸ್‌ಎಸ್ ಸಾಕಾ, ಆರ್ ಕಲಿಯಬೇಕಾ? ಕರಾವಳಿಯ ಥೀಸಿಸ್ ಮಕ್ಕಳಿಗೆ ಒಂದು ಹೋಲಿಕೆ

ಜೂನ್ ಬಂತೆಂದರೆ ನನಗೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ: ಥೀಸಿಸ್ಸಿನ ಡೇಟಾ ಲೆಕ್ಕ ಹಾಕಲು ಯಾವ ಸಾಫ್ಟ್‌ವೇರ್ ಹಿಡಿಯಬೇಕು? ಎಸ್‌ಪಿಎಸ್‌ಎಸ್, ಆರ್, ಸ್ಯಾಸ್ ಎಲ್ಲ ಅಂಥ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರುಗಳೇ. ಮಣಿಪಾಲದಲ್ಲಿ ಎಂ.ಡಿ. ಮಾಡುವ ಹುಡುಗಿ ಕೇಳುತ್ತಾಳೆ. ಕೊಣಾಜೆಯಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿ ಮಾಡುವವರು ಕೇಳುತ್ತಾರೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಹುಡುಗ ಕೇಳುತ್ತಾನೆ. ಮೊನ್ನೆ ಒಬ್ಬಳು ಫೋನ್ ಮಾಡಿ, "ಮೇಡಂ, ಬೆಂಗಳೂರಲ್ಲಿ ಇಂಟರ್‌ವ್ಯೂ ಉಂಟು. ಸ್ಯಾಸ್ ಗೊತ್ತಿರಬೇಕಂತೆ. ಇಲ್ಲಿ ನಮಗೆ ಕಲಿಸಿದ್ದು ಎಸ್‌ಪಿಎಸ್‌ಎಸ್. ಈಗ ಎಂತ ಮಾಡುವುದು?" ಅಂದಳು.

ನಾನು ಉಡುಪಿಯಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳಬೇಕಾಗುತ್ತದೆ, ಯಾಕೆಂದರೆ ಒಬ್ಬೊಬ್ಬರ ಕೆಲಸ ಒಂದೊಂದು ಥರ. ಆದರೆ ಉತ್ತರ ಹುಡುಕುವ ದಾರಿ ಎಲ್ಲರಿಗೂ ಒಂದೇ. ಅದನ್ನು ಇಲ್ಲಿ ಬರೆದಿಡುತ್ತೇನೆ.

ಮೊದಲು ನಡೆದದ್ದೊಂದನ್ನು ಹೇಳಬೇಕು. ಎರಡು ವರ್ಷದ ಹಿಂದೆ ಪಿಜಿ ಮುಗಿಸಿದ ಹುಡುಗಿಯೊಬ್ಬಳು ಜೋರು ಮಳೆಯಲ್ಲಿ ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅವಚಿಕೊಂಡು ನಮ್ಮ ಮನೆಗೆ ಬಂದಳು. ಥೀಸಿಸ್ ಪಾಸಾಗಿತ್ತು. ಅದೇ ಕೆಲಸವನ್ನು ಪೇಪರ್ ಮಾಡಿ ಪತ್ರಿಕೆಯೊಂದಕ್ಕೆ ಕಳಿಸಿದ್ದಳು. ಏಳು ತಿಂಗಳಾದ ಮೇಲೆ ಪತ್ರಿಕೆಯವರು ಉತ್ತರ ಬರೆದಿದ್ದರು: 60 ವರ್ಷ ದಾಟಿದವರನ್ನು ಬಿಟ್ಟು ಮೂರನೇ ಕೋಷ್ಟಕವನ್ನು ಮತ್ತೆ ಮಾಡಿ ಕಳಿಸಿ. ಅಷ್ಟೇ. ಹತ್ತು ನಿಮಿಷದ ಕೆಲಸ. ಆದರೆ ಎಸ್‌ಪಿಎಸ್‌ಎಸ್ ಇದ್ದದ್ದು ಕಾಲೇಜಿನ ಲ್ಯಾಬಿನಲ್ಲಿ. ಕೋರ್ಸ್ ಮುಗಿದ ಮೇಲೆ ಆ ಬಾಗಿಲು ಮುಚ್ಚಿತ್ತು. ಔಟ್‌ಪುಟ್ ಫೈಲ್ ಅವಳ ಪೆನ್‌ಡ್ರೈವ್‌ನಲ್ಲಿತ್ತು, ಅದನ್ನು ತೆರೆಯುವ ಸಾಫ್ಟ್‌ವೇರ್ ಇರಲಿಲ್ಲ. ಡೇಟಾ ಫೈಲನ್ನು ಬೇರೆ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದೆವು. ಪೇಪರಿನಲ್ಲಿ 81 ರೋಗಿಗಳು ಎಂದಿತ್ತು. ಇಲ್ಲಿ 84 ತೋರಿಸಿತು.

ಆ ಮೂರು ಜನ ಎಲ್ಲಿಂದ ಬಂದರು ಅಂತ ಹುಡುಕುವುದಕ್ಕೆ ಎರಡು ಸಂಜೆ ಹೋಯಿತು. ಕೊನೆಗೆ ಸಿಕ್ಕಿತು: ಮೂವರ ಹೆಸರು ಎರಡೆರಡು ಸಲ ಎಂಟ್ರಿ ಆಗಿತ್ತು. ಲ್ಯಾಬಿನ ಕಂಪ್ಯೂಟರಿನಲ್ಲಿ ಅವಳೇ ಆ ಸಾಲುಗಳನ್ನು ಅಳಿಸಿದ್ದಳು. ಮನೆಯ ಕಾಪಿಯಲ್ಲಿ ಅಳಿಸಿರಲಿಲ್ಲ. ಅಳಿಸಿದೆ ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಅವಳ ಕಣ್ಣಲ್ಲಿ ನೀರು ನಿಂತಿತ್ತು. ಲೆಕ್ಕದಲ್ಲಿ ಅವಳು ತಪ್ಪೇ ಮಾಡಿರಲಿಲ್ಲ.

ಅವತ್ತಿನಿಂದ ನಾನು ಸಾಫ್ಟ್‌ವೇರ್ ಬಗ್ಗೆ ಕೇಳುವ ಮೊದಲ ಪ್ರಶ್ನೆಯೇ ಬದಲಾಯಿತು. "ಇದರಲ್ಲಿ ಏನೇನು ಮಾಡಬಹುದು?" ಅಂತ ನಾನೀಗ ಕೇಳುವುದಿಲ್ಲ. ಸಾಮಾನ್ಯ ಥೀಸಿಸ್‌ಗೆ ಬೇಕಾದ ಟಿ-ಟೆಸ್ಟ್, ಕೈ-ಸ್ಕ್ವೇರ್, ರಿಗ್ರೆಷನ್ ಎಲ್ಲವೂ ಎಲ್ಲದರಲ್ಲೂ ಇದೆ. ನಾನು ಕೇಳುವುದು ಇದನ್ನು: ಒಂದು ವರ್ಷ ಬಿಟ್ಟು, ಕಾಲೇಜಿನ ಗೇಟಿನ ಹೊರಗೆ ಕೂತು, ಇದೇ ಲೆಕ್ಕವನ್ನು ನೀವು ಮತ್ತೆ ಮಾಡಬಲ್ಲಿರಾ?

ಅಳೆಯುವ ಕೋಲುಗಳು

ಇದನ್ನೇ ಬಿಡಿಸಿದರೆ ಐದು ವಿಷಯ ಬರುತ್ತದೆ.

ಲೈಸನ್ಸ್ ಯಾರದ್ದು ಮತ್ತು ಎಷ್ಟು ದಿನದ್ದು ಎನ್ನುವುದು ಮೊದಲನೆಯದು. "ನಮ್ಮ ಕಾಲೇಜಿನಲ್ಲಿ ಫ್ರೀ" ಅಂದರೆ ನಿಮಗೆ ಫ್ರೀ ಅಂತ ಅರ್ಥ ಅಲ್ಲ. ನೀವು ಅಲ್ಲಿರುವಷ್ಟು ದಿನ ಫ್ರೀ, ಅಷ್ಟೇ.

ಎರಡನೆಯದು, ಮಾಡಿದ ಕೆಲಸ ಬರಹದಲ್ಲಿ ಉಳಿಯುತ್ತದಾ. ಮೌಸಿನಲ್ಲಿ ಒತ್ತಿದ ಬಟನ್ ನೆನಪಿನಲ್ಲಿ ಮಾತ್ರ ಇರುತ್ತದೆ. ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಸಾಲು ಸಾಲಾಗಿ ಬರೆದ ಸ್ಕ್ರಿಪ್ಟ್ ಫೈಲಿನಲ್ಲಿ ಇರುತ್ತದೆ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ಪಕ್ಕದಲ್ಲಿ ಕೇಳಲು ಯಾರಿದ್ದಾರೆ? ನಿಮ್ಮ ಗೈಡಿಗೆ ಎಸ್‌ಪಿಎಸ್‌ಎಸ್ ಮಾತ್ರ ಗೊತ್ತಿದ್ದರೆ, ರಾತ್ರಿ ಹನ್ನೊಂದಕ್ಕೆ ಆರ್‌ನಲ್ಲಿ ಎರರ್ ಬಂದಾಗ ನೀವು ಒಬ್ಬರೇ.

ನಾಲ್ಕನೆಯದು ನಮ್ಮ ಊರಿನದ್ದೇ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕರೆಂಟು ಯಾವಾಗ ಹೋಗುತ್ತದೆ, ನೆಟ್ ಯಾವಾಗ ಬರುತ್ತದೆ ಎಂದು ಹೇಳಲಿಕ್ಕಾಗದು. ಕಾರ್ಕಳ, ಬೈಂದೂರು, ಸುಳ್ಯದ ಒಳಗಿನ ಮನೆಗಳಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ನೆಟ್ ಇಲ್ಲದೆಯೂ ನಡೆಯುವ ಸಾಫ್ಟ್‌ವೇರ್ ಬೇಕು.

ಐದನೆಯದು ಕನ್ನಡ. ಸರ್ವೆ ಕನ್ನಡದಲ್ಲಿ ಮಾಡಿದ್ದರೆ ಉತ್ತರಗಳು ಕನ್ನಡದಲ್ಲೇ ಇರುತ್ತವೆ. ಅವು ಸಾಫ್ಟ್‌ವೇರಿನಲ್ಲಿ ಅಕ್ಷರವಾಗಿಯೇ ಕಾಣುತ್ತವಾ, ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತವಾ?

ಇವುಗಳ ಜೊತೆ ಸುದ್ದಿಯ ಮೇಲೂ ಒಂದು ಕಣ್ಣಿರಬೇಕು. ಸಾಫ್ಟ್‌ವೇರ್ ಲೋಕದಲ್ಲಿ ಕಂಪನಿಗಳು ಕೈ ಬದಲಾಗುತ್ತವೆ, ಉಚಿತ ಆವೃತ್ತಿಗಳು ನಿಂತುಹೋಗುತ್ತವೆ, ನಿನ್ನೆ ನಡೆಯುತ್ತಿದ್ದ ಕಮಾಂಡ್ ಇವತ್ತು ನಡೆಯುವುದಿಲ್ಲ. ಅಂಥ ಸುದ್ದಿಗಳನ್ನು ಆಯಾ ಜಾಗದಲ್ಲೇ ಹೇಳುತ್ತಾ ಹೋಗುತ್ತೇನೆ.

ಎಕ್ಸೆಲ್: ಎಂಟ್ರಿಗೆ ಒಳ್ಳೆಯದು, ಅಲ್ಲಿಗೇ ನಿಲ್ಲಿಸಿ

ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ತಪ್ಪಿಲ್ಲ. ಡೇಟಾ ತುಂಬಲಿಕ್ಕೆ ಇದರಷ್ಟು ಸಲೀಸು ಬೇರೆ ಇಲ್ಲ. ಆದರೆ ಎಕ್ಸೆಲ್‌ಗೆ ತಾನಾಗಿಯೇ ತಿದ್ದುವ ಚಾಳಿ ಇದೆ. ಮನೆಯಲ್ಲಿ ದುಡಿಯುವವರು ಎಷ್ಟು ಎಂಬ ಕಾಲಮ್ಮಿನಲ್ಲಿ ಯಾರೋ "3-4" ಅಂತ ಬರೆದರೆ, ಅದು ಏಪ್ರಿಲ್ 3 ಆಗಿ ಕೂರುತ್ತದೆ. ಈ ಚಾಳಿಯ ಕಾಟ ತಾಳಲಾರದೆ 2020ರಲ್ಲಿ ವಿಜ್ಞಾನಿಗಳು ಮನುಷ್ಯನ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು, ಯಾಕೆಂದರೆ 'ಮಾರ್ಚ್1', 'ಸೆಪ್ಟ್1' ಎಂಬ ಹೆಸರುಗಳೆಲ್ಲ ತಾರೀಕು ಆಗುತ್ತಿದ್ದವು. 2023ರಲ್ಲಿ ಹೀಗೆ ಅಕ್ಷರ, ಅಂಕಿ ಕೂಡಿದ ಹೆಸರು ತಾರೀಕು ಆಗುವುದನ್ನು ಆಫ್ ಮಾಡುವ ಆಯ್ಕೆಯನ್ನು ಎಕ್ಸೆಲ್‌ಗೆ ಸೇರಿಸಿದ್ದಾರೆ. ಡೇಟಾ ತುಂಬುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿಬಿಡಿ.

ಇನ್ನೊಂದು ಅಪಾಯ ಹಳೆಯ ಎಕ್ಸ್‌ಎಲ್‌ಎಸ್ ಫೈಲು. ಅದರಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದದ್ದು ಈ ಹಳೆಯ ಫೈಲಿನಿಂದಲೇ. ಹೊಸ ಎಕ್ಸೆಲ್ ಫೈಲಿನಲ್ಲಿ 10,48,576 ಸಾಲು ಹಿಡಿಯುತ್ತದೆ, ನಮ್ಮ ಥೀಸಿಸ್‌ಗೆ ಧಾರಾಳ.

ಲೆಕ್ಕ ಮಾತ್ರ ಎಕ್ಸೆಲ್‌ನಲ್ಲಿ ಮಾಡಬೇಡಿ. ಅಮೆರಿಕದ ಹೆಸರಾಂತ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೊಗಾಫ್ 2010ರಲ್ಲಿ ದೇಶಗಳ ಸಾಲದ ಬಗ್ಗೆ ಬರೆದ ಪೇಪರಿನಲ್ಲಿ ಸೂತ್ರವೊಂದು ಐದು ದೇಶಗಳನ್ನು ಬಿಟ್ಟೇ ಸರಾಸರಿ ತೆಗೆದಿತ್ತು. ಅದನ್ನು 2013ರಲ್ಲಿ ಹಿಡಿದದ್ದು ಥಾಮಸ್ ಹೆರ್ನ್‌ಡನ್ ಎಂಬ ಒಬ್ಬ ವಿದ್ಯಾರ್ಥಿ. ಅವನಿಗೆ ಆ ಎಕ್ಸೆಲ್ ಶೀಟು ಕೈಗೆ ಸಿಕ್ಕಿದ್ದರಿಂದ ಮಾತ್ರ ಗೊತ್ತಾಯಿತು. ಸೆಲ್ಲುಗಳ ಒಳಗೆ ಅಡಗಿದ ತಪ್ಪು ಹೊರಗಿಂದ ಕಾಣುವುದಿಲ್ಲ.

ಒಂದು ಸಣ್ಣ ಮಾತು. ಸೆಲ್ಲಿಗೆ ಹಳದಿ ಬಣ್ಣ ಹಾಕಿ "ಇವರು ಡಯಾಬಿಟಿಸ್ ಇರುವವರು" ಅಂತ ಗುರುತು ಮಾಡುವವರು ತುಂಬ ಜನ ಇದ್ದಾರೆ. ಫೈಲು ಬೇರೆ ಸಾಫ್ಟ್‌ವೇರಿಗೆ ಹೋದಾಗ ಬಣ್ಣ ಹೋಗಿಬಿಡುತ್ತದೆ. ಅದಕ್ಕೊಂದು ಕಾಲಮ್ ಮಾಡಿ, 1 ಅಥವಾ 0 ಹಾಕಿ.

ಎಸ್‌ಪಿಎಸ್‌ಎಸ್: ಎಲ್ಲರಿಗೂ ಗೊತ್ತು, ನಿಮ್ಮದಲ್ಲ

1968ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸಮಾಜ ವಿಜ್ಞಾನದವರಿಗಾಗಿ ಹುಟ್ಟಿದ ಸಾಫ್ಟ್‌ವೇರ್ ಇದು. 2009ರಲ್ಲಿ ಐಬಿಎಂ ಕೊಂಡುಕೊಂಡಿತು. ನಮ್ಮ ಕಡೆಯ ಮೆಡಿಕಲ್, ನರ್ಸಿಂಗ್, ಎಂಬಿಎ ಕಾಲೇಜುಗಳಲ್ಲಿ ಗೈಡುಗಳಿಗೆ ಇದೇ ಕೈಗೆ ಹತ್ತಿದ್ದು. ಮೂರನೇ ಕೋಲಿನಲ್ಲಿ ಅಳೆದರೆ ಇದಕ್ಕೆ ಪೂರ್ತಿ ಅಂಕ. ಯಾವ ಬಟನ್ ಒತ್ತಬೇಕು ಅಂತ ಹೇಳಿಕೊಡುವ ಸೀನಿಯರ್ ಪ್ರತಿ ಹಾಸ್ಟೆಲ್‌ನಲ್ಲೂ ಸಿಗುತ್ತಾರೆ. ನೆಟ್ ಬೇಡ. ಕನ್ನಡ ಯೂನಿಕೋಡ್ ಅಕ್ಷರಗಳನ್ನು ಸರಿಯಾಗಿಯೇ ತೋರಿಸುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ ಕಷ್ಟ. ಸ್ವಂತಕ್ಕೆ ಕೊಳ್ಳುವುದು ವಿದ್ಯಾರ್ಥಿಯ ಕೈಗೆ ಎಟಕುವುದಿಲ್ಲ. ಬೇಸ್ ಎಂಬ ಮೂಲ ಭಾಗ ಕೊಂಡರೂ ಕೆಲವು ವಿಧಾನಗಳಿಗೆ ಬೇರೆ ಮಾಡ್ಯೂಲ್ ಬೇಕು. ಆಗ ಕೆಲವರು ಕ್ರ್ಯಾಕ್ ಮಾಡಿದ ಕಾಪಿಯ ಪೆನ್‌ಡ್ರೈವ್ ಹಿಡಿದು ಬರುತ್ತಾರೆ. ದಯವಿಟ್ಟು ಬೇಡ. ಅದರಲ್ಲಿ ವೈರಸ್ ಇರಬಹುದು. ಅದಕ್ಕಿಂತ ಹೆಚ್ಚಾಗಿ, ಪೇಪರಿನಲ್ಲಿ ಯಾವ ಸಾಫ್ಟ್‌ವೇರ್ ಬಳಸಿದಿರಿ ಅಂತ ಬರೆಯಲೇಬೇಕು. ಕದ್ದ ವಸ್ತುವಿನ ಹೆಸರನ್ನು ಸಹಿ ಹಾಕಿ ಬರೆದುಕೊಟ್ಟ ಹಾಗಾಗುತ್ತದೆ.

ಕಾಲೇಜಿನಲ್ಲಿ ಇದ್ದರೆ ಬಳಸಿ, ಖಂಡಿತ ಬಳಸಿ. ಆದರೆ ಒಂದು ಅಭ್ಯಾಸ ಮಾಡಿಕೊಳ್ಳಿ. ಪ್ರತಿ ಡಯಲಾಗ್ ಬಾಕ್ಸಿನಲ್ಲೂ 'ಓಕೆ' ಪಕ್ಕದಲ್ಲಿ 'ಪೇಸ್ಟ್' ಅಂತ ಒಂದು ಬಟನ್ ಇದೆ. ಓಕೆ ಒತ್ತುವ ಬದಲು ಪೇಸ್ಟ್ ಒತ್ತಿ. ನೀವು ಮಾಡಲು ಹೊರಟದ್ದೆಲ್ಲ ಸಿಂಟ್ಯಾಕ್ಸ್ ಆಗಿ, ಅಂದರೆ ಬರಹದ ಆದೇಶಗಳಾಗಿ, ಇನ್ನೊಂದು ಕಿಟಕಿಯಲ್ಲಿ ಬಂದು ಕೂರುತ್ತದೆ. ಅಲ್ಲಿಂದ ರನ್ ಮಾಡಿ, ಆ ಫೈಲನ್ನು ಉಳಿಸಿ. ಔಟ್‌ಪುಟ್ಟನ್ನು ಅವತ್ತವತ್ತೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ನಮ್ಮ ಆ ಹುಡುಗಿ ಇಷ್ಟು ಮಾಡಿದ್ದರೆ ಮಳೆಯಲ್ಲಿ ಓಡಿ ಬರಬೇಕಿರಲಿಲ್ಲ.

ಇದರದ್ದೇ ಅಚ್ಚಿನಲ್ಲಿ ಪಿಎಸ್‌ಪಿಪಿ ಅಂತ ಉಚಿತ ಸಾಫ್ಟ್‌ವೇರ್ ಒಂದಿದೆ, ಗ್ನು ಯೋಜನೆಯವರದ್ದು. ಎಸ್‌ಪಿಎಸ್‌ಎಸ್ ಡೇಟಾ ಫೈಲ್ ತೆರೆಯುತ್ತದೆ, ಅದರ ಸಿಂಟ್ಯಾಕ್ಸ್ ಬಹುಪಾಲು ನಡೆಯುತ್ತದೆ. ಸರಳ ಕೆಲಸಕ್ಕೆ ಸಾಕು, ದೊಡ್ಡ ಮಾಡೆಲ್‌ಗಳಿಗೆ ಸಾಲದು.

ಜಮೋವಿ, ಜ್ಯಾಸ್ಪ್: ಥೀಸಿಸ್ ಮಾಡುವ ಹೆಚ್ಚಿನವರಿಗೆ ನನ್ನ ಮೊದಲ ಉತ್ತರ

ಎರಡೂ ಉಚಿತ. ಎರಡೂ ಲ್ಯಾಪ್‌ಟಾಪಿನಲ್ಲಿ ಕೂತು ನೆಟ್ ಇಲ್ಲದೆ ನಡೆಯುತ್ತವೆ. ಎರಡೂ ಹಿಂದಿನಿಂದ ಆರ್ ಬಳಸುತ್ತವೆ, ಮುಂದಿನಿಂದ ನೋಡಲು ಎಸ್‌ಪಿಎಸ್‌ಎಸ್ ಥರವೇ ಇರುತ್ತವೆ. ಜ್ಯಾಸ್ಪ್ ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದವರು ಹೊರಗೆ ಬಂದು 2017ರ ಹೊತ್ತಿಗೆ ಜಮೋವಿ ಕಟ್ಟಿದರು. ಅಣ್ಣ ತಮ್ಮ ಬೇರೆ ಮನೆ ಮಾಡಿದ ಹಾಗೆ. ಮೊದಲಿನ ಅಂದಾಜನ್ನು ಡೇಟಾ ನೋಡಿ ತಿದ್ದುತ್ತಾ ಹೋಗುವ ಬೇಸಿಯನ್ ವಿಧಾನಗಳು ಬೇಕಿದ್ದರೆ ಜ್ಯಾಸ್ಪ್ ಒಳ್ಳೆಯದು. ಸಾಮಾನ್ಯ ಮೆಡಿಕಲ್, ನರ್ಸಿಂಗ್, ಮನಶ್ಶಾಸ್ತ್ರದ ಕೆಲಸಕ್ಕೆ ನಾನು ಜಮೋವಿ ಹೇಳುತ್ತೇನೆ.

ಯಾಕೆ ಅಂತ ಕೇಳಿ. ಜಮೋವಿಯ ಒಂದೇ ಫೈಲಿನಲ್ಲಿ ಡೇಟಾ, ನೀವು ಆರಿಸಿದ ಆಯ್ಕೆಗಳು, ಉತ್ತರ ಮೂರೂ ಇರುತ್ತವೆ. ಆರು ತಿಂಗಳು ಬಿಟ್ಟು ಆ ಫೈಲ್ ತೆರೆದು ಕೋಷ್ಟಕದ ಮೇಲೆ ಒತ್ತಿದರೆ ಯಾವ ಕಾಲಮ್ ಎಲ್ಲಿ ಹಾಕಿದ್ದಿರಿ, ಯಾವ ಚೌಕಕ್ಕೆ ಟಿಕ್ ಮಾಡಿದ್ದಿರಿ ಎಲ್ಲ ಹಾಗೇ ಕಾಣುತ್ತದೆ. ಒಂದು ವಯಸ್ಸು ತಪ್ಪಾಗಿದೆ ಅಂತ ತಿದ್ದಿದರೆ ಕೋಷ್ಟಕಗಳು ತಾವೇ ಬದಲಾಗುತ್ತವೆ. ಫಿಲ್ಟರ್ ಹಾಕಿದ್ದರೆ ಅದು ಡೇಟಾದ ಪಕ್ಕದಲ್ಲೇ ಕಾಣುವ ಹಾಗೆ ನಿಂತಿರುತ್ತದೆ. ಸಿಂಟ್ಯಾಕ್ಸ್ ಮೋಡ್ ಆನ್ ಮಾಡಿದರೆ ಪ್ರತಿ ಲೆಕ್ಕದ ಆರ್ ಕೋಡ್ ಕೂಡ ತೋರಿಸುತ್ತದೆ. ನಾಳೆ ಆರ್ ಕಲಿಯುವ ಮನಸ್ಸಾದರೆ ಇದೇ ಮೆಟ್ಟಿಲು.

ಕೊರತೆಯೂ ಇದೆ. ಎರಡು ಫೈಲುಗಳನ್ನು ಸೇರಿಸುವುದು, ಕೊಳೆಯಾದ ಡೇಟಾ ತೊಳೆಯುವುದು ಇದರಲ್ಲಿ ಕಷ್ಟ. ಗೈಡ್ ಹೆಸರೇ ಕೇಳಿರದಿದ್ದರೆ ಒಂದು ಮಾತು ಮೊದಲೇ ತಿಳಿಸಿ. ಒಮ್ಮೆ ಗೈಡಿನ ಎದುರೇ ಎರಡರಲ್ಲೂ ಒಂದೇ ಟಿ-ಟೆಸ್ಟ್ ಮಾಡಿ ತೋರಿಸಿ. ಉತ್ತರ ಒಂದೇ ಬರುವುದನ್ನು ಕಣ್ಣಾರೆ ನೋಡಿದ ಮೇಲೆ ಬೇಡ ಅಂದವರನ್ನು ನಾನು ನೋಡಿಲ್ಲ.

ಆರ್: ಕಲಿಯಲು ಸಮಯ ಕೊಟ್ಟರೆ ಕೊನೆಯವರೆಗೂ ಜೊತೆಗಿರುತ್ತದೆ

ನ್ಯೂಜಿಲ್ಯಾಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು ಮೇಷ್ಟ್ರು ಪಾಠಕ್ಕೆಂದು ಶುರು ಮಾಡಿದ ಭಾಷೆ ಇದು. 2000ದ ಫೆಬ್ರವರಿ 29ಕ್ಕೆ ಮೊದಲ ಪೂರ್ಣ ಆವೃತ್ತಿ ಬಂತು. ಈಗ ಕ್ರ್ಯಾನ್ ಎಂಬ ಭಂಡಾರದಲ್ಲಿ 20,000ಕ್ಕೂ ಜಾಸ್ತಿ ಪ್ಯಾಕೇಜುಗಳಿವೆ, ಅಂದರೆ ಒಂದೊಂದು ಕೆಲಸಕ್ಕೆಂದು ಬರೆದಿಟ್ಟ ಕೋಡಿನ ಕಟ್ಟುಗಳು. ಮೀನಿನ ದಾಸ್ತಾನಿನ ಅಂದಾಜಿಗೆ ಬೇರೆ, ಗೇರು ತೋಟದ ಪ್ರಯೋಗದ ಪ್ಲಾಟ್‌ಗಳಿಗೆ ಬೇರೆ, ಮಳೆಯ ಡೇಟಾಕ್ಕೆ ಬೇರೆ. ಇವೆಲ್ಲ ಉಚಿತ. ಇನ್‌ಸ್ಟಾಲ್ ಆದ ಮೇಲೆ ನೆಟ್ ಬೇಡ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ.

ಕನ್ನಡದವರಿಗೆ ದೊಡ್ಡ ಸುದ್ದಿ ಬಂದದ್ದು 2022ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಮುಂಚೆ ವಿಂಡೋಸ್ ಕಂಪ್ಯೂಟರಿನಲ್ಲಿ ಆರ್‌ಗೆ "ಮಲ್ಪೆ" ಅಂತ ಕೊಟ್ಟರೆ ಎಷ್ಟೋ ಸಲ ಅಕ್ಷರದ ಬದಲು ಕೋಡ್ ಸಂಖ್ಯೆಗಳ ಸಾಲು ಕಾಣುತ್ತಿತ್ತು. 4.2.0 ಆವೃತ್ತಿಯಿಂದ ವಿಂಡೋಸ್‌ನಲ್ಲೂ ಯುಟಿಎಫ್-8, ಅಂದರೆ ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ರೀತಿ, ನೇರವಾಗಿ ನಡೆಯುತ್ತದೆ. ಮೊದಲ ಸಲ ಪರದೆಯ ಮೇಲೆ ಮಲ್ಪೆ, ಗಂಗೊಳ್ಳಿ, ಹೆಜಮಾಡಿ ಎಂದು ಚಂದವಾಗಿ ಮೂಡಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ. ಆದರೆ ಡೇಟಾ ಯೂನಿಕೋಡಿನಲ್ಲೇ ಇರಬೇಕು. ಯಾರೋ 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕೊಟ್ಟಿದ್ದರೆ ಮೊದಲು ಬದಲಾಯಿಸಿಕೊಳ್ಳಿ. ಎಕ್ಸೆಲ್‌ನಿಂದ ಸಿಎಸ್‌ವಿ ಮಾಡುವಾಗಲೂ 'ಸಿಎಸ್‌ವಿ ಯುಟಿಎಫ್-8' ಅಂತಲೇ ಆರಿಸಿ.

ಸ್ಕ್ರಿಪ್ಟಿನ ಬೆಲೆ ಏನು ಅಂತ ಇನ್ನೊಂದು ಉದಾಹರಣೆಯಲ್ಲಿ ಹೇಳುತ್ತೇನೆ. ಒಬ್ಬ ಹುಡುಗ ದಕ್ಷಿಣ ಕನ್ನಡದ ಜನಸಂಖ್ಯೆಯ ಗ್ರಾಫ್ ತಂದಿದ್ದ. 1991ರಿಂದ 2001ಕ್ಕೆ ಗೆರೆ ಧಡಕ್ಕನೆ ಕೆಳಗೆ ಬಿದ್ದಿತ್ತು. ಅವನು ವಲಸೆ ಕಾರಣ ಅಂತ ಎರಡು ಪುಟ ಬರೆದಿದ್ದ. ನಿಜ ಕಾರಣ ನಮಗೆಲ್ಲ ಗೊತ್ತಿರುವುದೇ: 1997ರ ಆಗಸ್ಟ್‌ನಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಅವನು ಹುಟ್ಟಿದ್ದೇ ಆಮೇಲೆ, ಪಾಪ. ಸ್ಕ್ರಿಪ್ಟಿನಲ್ಲಿ ಎರಡೂ ಜಿಲ್ಲೆಗಳನ್ನು ಕೂಡಿಸುವ ಒಂದು ಸಾಲು ಬರೆದೆವು. ಅದರ ಮೇಲೆ "1997ರಲ್ಲಿ ಉಡುಪಿ ಬೇರೆಯಾದ ಕಾರಣ" ಅಂತ ಕನ್ನಡದಲ್ಲೇ ಟಿಪ್ಪಣಿ ಹಾಕಿದೆವು. ಊರ ಹೆಸರಿಗೂ ಹಾಗೇ. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲೂ ಮ್ಯಾಂಗಲೋರ್ ಹೋಗಿ ಮಂಗಳೂರು ಬಂತು. ಹತ್ತು ವರ್ಷದ ಡೇಟಾದಲ್ಲಿ ಎರಡೂ ಹೆಸರು ಇರುತ್ತವೆ, ಕಂಪ್ಯೂಟರಿಗೆ ಅವು ಎರಡು ಊರು. ಅದಕ್ಕೂ ಒಂದು ಸಾಲು. ಈಗ ಕಾಪು, ಬ್ರಹ್ಮಾವರ, ಬೈಂದೂರು, ಮೂಡುಬಿದಿರೆ, ಕಡಬ ಅಂತ ಹೊಸ ತಾಲೂಕುಗಳೂ ಆಗಿವೆ. ಇಂಥ ತಿದ್ದುಪಡಿಗಳನ್ನು ಕೈಯಲ್ಲಿ ಮಾಡಿದರೆ ಮರೆತುಹೋಗುತ್ತವೆ. ಬರೆದಿಟ್ಟರೆ ಮುಂದಿನ ಬ್ಯಾಚಿನವರಿಗೂ ಸಿಗುತ್ತವೆ.

ಕಷ್ಟ ಎಲ್ಲಿ ಅಂದರೆ, ಮೊದಲ ಎರಡು ತಿಂಗಳು. ಒಂದು ಕಾಮಾ ತಪ್ಪಿದರೆ ಕೆಂಪು ಅಕ್ಷರ ಬರುತ್ತದೆ. ಥೀಸಿಸ್ ಕೊಡಲು ಮೂರು ವಾರ ಇರುವಾಗ ಆರ್ ಶುರು ಮಾಡಬೇಡಿ. ಮೊದಲ ವರ್ಷದಲ್ಲೇ, ದಿನಕ್ಕೆ ಅರ್ಧ ಗಂಟೆಯಂತೆ ಶುರು ಮಾಡಿ.

ಸುದ್ದಿಯ ಮೇಲೆ ಕಣ್ಣಿಡಬೇಕಾದದ್ದೂ ಇಲ್ಲೇ ಜಾಸ್ತಿ. ಸಾಮಾನ್ಯವಾಗಿ ಪ್ರತಿ ವರ್ಷ ಏಪ್ರಿಲ್ ಆಸುಪಾಸಿಗೆ ಆರ್‌ನ ದೊಡ್ಡ ಆವೃತ್ತಿ ಬರುತ್ತದೆ. 2020ರ 4.0.0ದಲ್ಲಿ ಅಕ್ಷರಗಳ ಕಾಲಮ್ ಓದುವ ಪದ್ಧತಿಯೇ ಬದಲಾಯಿತು, ಹಳೆಯ ಸ್ಕ್ರಿಪ್ಟುಗಳು ಕೆಲವು ಎಡವಿದವು. 2023ರ ಅಕ್ಟೋಬರ್‌ನಲ್ಲಿ ಆರ್‌ಜಿಡಾಲ್, ಆರ್‌ಜಿಯೋಸ್, ಮ್ಯಾಪ್‌ಟೂಲ್ಸ್ ಎಂಬ ಮೂರು ನಕ್ಷೆಯ ಪ್ಯಾಕೇಜುಗಳು ನಿವೃತ್ತವಾದವು. ಕರಾವಳಿಯ ನಕ್ಷೆ ಬಿಡಿಸುವ ಹಳೆಯ ಪಾಠ ನೋಡಿ ಕಲಿಯುವವರು ಈಗಲೂ ಅದರಲ್ಲಿ ಸಿಕ್ಕಿಬೀಳುತ್ತಾರೆ. ಈಗ ಅದಕ್ಕೆ ಎಸ್‌ಎಫ್, ಟೆರ್ರಾ ಬಳಸಬೇಕು. ಹಳೆಯ ಪ್ಯಾಕೇಜುಗಳನ್ನು ತಾರೀಕಿನ ಪ್ರಕಾರ ಕಾಪಿಟ್ಟಿದ್ದ ಮೈಕ್ರೋಸಾಫ್ಟಿನ ಎಂರ‍್ಯಾನ್ ಕೂಡ 2023ರಲ್ಲಿ ಮುಚ್ಚಿತು. ಹಾಗಾಗಿ ಥೀಸಿಸ್ ಮುಗಿದ ದಿನ ಆರ್ ಆವೃತ್ತಿಯನ್ನೂ ಪ್ಯಾಕೇಜುಗಳ ಆವೃತ್ತಿಯನ್ನೂ ಬರೆದಿಡಿ. ಆರ್‌ಎನ್ವ್ ಎಂಬ ಪ್ಯಾಕೇಜ್ ಅದನ್ನು ನಿಮಗಾಗಿ ಮಾಡುತ್ತದೆ.

ಹೆಸರಿನ ಗೊಂದಲವೂ ಒಂದಿದೆ. ಆರ್‌ಸ್ಟುಡಿಯೋ ಕಂಪನಿ 2022ರಲ್ಲಿ ಪಾಸಿಟ್ ಆಯಿತು. ಆರ್ ಕೋಡ್ ಬರೆದು ನಡೆಸಲು ಬಳಸುವ ಆರ್‌ಸ್ಟುಡಿಯೋ ಎಂಬ ಸಾಫ್ಟ್‌ವೇರ್ ಹಾಗೇ ಇದೆ, ಹೆದರಬೇಡಿ. ಅದೇ ಕಂಪನಿಯ ಪಾಸಿಟ್ರಾನ್ ಎಂಬ ಹೊಸದೂ ಬಂದಿದೆ, ಆರ್ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಎರಡನ್ನೂ ಬರೆಯುವವರಿಗೆ. ಹೊಸಬರಿಗೆ ಆರ್‌ಸ್ಟುಡಿಯೋ ಸಾಕು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆರ್‌ನಲ್ಲಿ ಎರಡು ಮಾಡೆಲ್‌ಗಳನ್ನು ಹೋಲಿಸುವಾಗ ಟೆಸ್ಟ್ ಯಾವುದು ಎಂಬ ಜಾಗದಲ್ಲಿ "ರಾವ್" ಎಂದು ಕೊಡಬಹುದು. ಆ ರಾವ್ ಅಂದರೆ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂತು, ಅದೇ ವರ್ಷ ಆಗಸ್ಟ್‌ನಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು. ತರಗತಿಯಲ್ಲಿ ಇದನ್ನು ಹೇಳುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಸ್ಟಾಟಾ: ಅರ್ಥಶಾಸ್ತ್ರದವರಿಗೆ, ದೊಡ್ಡ ಸರ್ವೆಗಳಿಗೆ

1985ರಿಂದ ಇರುವ ಸಾಫ್ಟ್‌ವೇರ್, ಇನ್ನೂ ಅದೇ ಕಂಪನಿಯ ಕೈಯಲ್ಲಿದೆ. ಹೊಸ ಆವೃತ್ತಿ 19 ಬಂದದ್ದು 2025ರ ಏಪ್ರಿಲ್‌ನಲ್ಲಿ. ಇದರ ಒಂದು ಗುಣ ನನಗೆ ಬಹಳ ಇಷ್ಟ. ಡೂ-ಫೈಲಿನ, ಅಂದರೆ ಸ್ಟಾಟಾದ ಸ್ಕ್ರಿಪ್ಟಿನ, ಮೊದಲ ಸಾಲಿನಲ್ಲಿ ಆವೃತ್ತಿಯ ಸಂಖ್ಯೆ ಬರೆದರೆ, ಹತ್ತು ವರ್ಷದ ಮೇಲೆ ಹೊಸ ಸ್ಟಾಟಾದಲ್ಲೂ ಅದು ಹಳೆಯ ರೀತಿಯಲ್ಲೇ ನಡೆಯುತ್ತದೆ. ಎರಡನೇ ಕೋಲಿನಲ್ಲಿ ಇದನ್ನು ಮೀರಿಸುವುದು ಕಷ್ಟ. ಕನ್ನಡ ಅಕ್ಷರಕ್ಕೂ 2015ರ 14ನೇ ಆವೃತ್ತಿಯಿಂದ ತೊಂದರೆ ಇಲ್ಲ. ದುಬಾರಿ ಹೌದು. ಆದರೆ ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆಯ ಲೈಸನ್ಸ್ ಸಿಗುತ್ತದೆ, ಒಮ್ಮೆ ಕೊಂಡರೆ ಮುಗಿಯದ ಲೈಸನ್ಸೂ ಉಂಟು. ಮುಂದಿನ ಐದಾರು ವರ್ಷ ಸರ್ವೆ ಡೇಟಾದಲ್ಲೇ ಇರುತ್ತೀರಿ ಅಂತಾದರೆ, ಸ್ಕಾಲರ್‌ಶಿಪ್ ದುಡ್ಡನ್ನು ಇದಕ್ಕೆ ಹಾಕಬಹುದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಡೇಟಾ ಬಳಸುವವರು ಒಂದು ಸುದ್ದಿ ತಿಳಿದಿರಬೇಕು. ಆ ಫೈಲುಗಳನ್ನು ಸ್ಟಾಟಾ, ಎಸ್‌ಪಿಎಸ್‌ಎಸ್ ರೂಪದಲ್ಲಿ ಕೊಡುತ್ತಿದ್ದದ್ದು ಅಮೆರಿಕದ ನೆರವಿನ ಡಿಎಚ್‌ಎಸ್ ಎಂಬ ಆರೋಗ್ಯ ಸಮೀಕ್ಷೆಗಳ ಕಾರ್ಯಕ್ರಮ. 2025ರ ಆರಂಭದಲ್ಲಿ ಆ ನೆರವು ನಿಂತಾಗ ಅದರ ಕೆಲಸವೂ ನಿಂತಿತು. ಡೇಟಾಕ್ಕೆ ಹೊಸದಾಗಿ ಅರ್ಜಿ ಹಾಕಲು ಕಾಯುತ್ತಿದ್ದ ಇಲ್ಲಿನ ಮಕ್ಕಳು ಕಂಗಾಲಾದರು. ಥೀಸಿಸ್ ವಿಷಯ ಆರಿಸುವ ಮುನ್ನ ಡೇಟಾ ಕೈಗೆ ಸಿಗುತ್ತದಾ ಅಂತ ನೋಡಿಕೊಳ್ಳಿ. ನಮ್ಮ ಕೇಂದ್ರ ಸರ್ಕಾರದ ಸಾಂಖ್ಯಿಕ ಸಚಿವಾಲಯ ಕಾರ್ಮಿಕ ಸಮೀಕ್ಷೆಯ ಬಿಡಿ ಡೇಟಾವನ್ನು ಉಚಿತವಾಗಿ ಕೊಡುತ್ತದೆ. 2025ರಿಂದ ಆ ಸಮೀಕ್ಷೆಯ ಅಂದಾಜುಗಳು ತಿಂಗಳು ತಿಂಗಳೂ ಬರುತ್ತಿವೆ.

ಸ್ಯಾಸ್ ಮತ್ತು ಪೈಥಾನ್: ಕೆಲಸದ ಕಣ್ಣಿನಿಂದ

ಸ್ಯಾಸ್ ಕಂಪನಿ ಶುರುವಾದದ್ದು 1976ರಲ್ಲಿ. ಔಷಧಿ ಕಂಪನಿಗಳ ಕ್ಲಿನಿಕಲ್ ಟ್ರಯಲ್ ಕೆಲಸದಲ್ಲಿ ಇನ್ನೂ ಇದರದ್ದೇ ಕಾರುಬಾರು. ಥೀಸಿಸ್‌ಗೆ ಬೇಡ. ಬೆಂಗಳೂರಿನಲ್ಲಿ ಆ ಕೆಲಸವೇ ಬೇಕು ಅನ್ನುವವರು ಕಲಿಯಲೇಬೇಕು. ಲ್ಯಾಪ್‌ಟಾಪಿಗೆ ಹಾಕಿಕೊಳ್ಳುವ ಉಚಿತ ಯೂನಿವರ್ಸಿಟಿ ಎಡಿಷನ್ 2021ರಲ್ಲಿ ನಿಂತಿತು. ಈಗ ಉಚಿತ ಇರುವುದು ಬ್ರೌಸರಿನಲ್ಲಿ ನಡೆಯುವ 'ಆನ್‌ಡಿಮಾಂಡ್ ಫಾರ್ ಅಕಾಡೆಮಿಕ್ಸ್'. ಅದಕ್ಕೆ ನೆಟ್ ಬೇಕು, ಜುಲೈಯಲ್ಲಿ ಕಲಿಯಲು ಕೂರಬೇಡಿ. ಇನ್ನೊಂದು ಸಂಗತಿಯೂ ಗೊತ್ತಿರಲಿ. ಇದೇ ಸಾಫ್ಟ್‌ವೇರ್ ಬೇಕು ಅಂತ ತಾನು ಹೇಳುವುದಿಲ್ಲ ಎಂದು ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ 2015ರಲ್ಲೇ ಸ್ಪಷ್ಟ ಮಾಡಿದೆ. 2021ರಿಂದ ಆರ್ ಒಕ್ಕೂಟದವರು ಎಫ್‌ಡಿಎಗೆ ಆರ್‌ನಲ್ಲೇ ಮಾಡಿದ ಪ್ರಾಯೋಗಿಕ ಸಲ್ಲಿಕೆಗಳನ್ನು ಕೊಡುತ್ತಾ ಬಂದಿದ್ದಾರೆ. ಹಾಗಾಗಿ ಫೋನ್ ಮಾಡಿದ ಹುಡುಗಿಗೆ ನಾನು ಹೇಳಿದ್ದು ಇಷ್ಟು: "ಇಂಟರ್‌ವ್ಯೂಗೆ ಸ್ಯಾಸ್ ಓದು. ಸೇರಿದ ಮೇಲೆ ಆರ್ ಬಿಡಬೇಡ."

ಪೈಥಾನ್ ಕಂಪ್ಯೂಟರ್ ಸೈನ್ಸ್ ಕಡೆಯಿಂದ ಬಂದವರಿಗೆ, ಐಟಿ ಕೆಲಸ ನೋಡುವವರಿಗೆ ಸರಿ. ಸುರತ್ಕಲ್, ನಿಟ್ಟೆಯ ಇಂಜಿನಿಯರಿಂಗ್ ಮಕ್ಕಳಿಗೆ ನಾನು ಬೇರೆ ಹೇಳುವುದಿಲ್ಲ. ಮೆಡಿಕಲ್ ಥೀಸಿಸ್‌ನ ಸಾಮಾನ್ಯ ಕೋಷ್ಟಕಗಳಿಗೆ ಮಾತ್ರ ಕೈ ಸುತ್ತಿ ಮೂಗು ಹಿಡಿದ ಹಾಗೆ. ಇಲ್ಲೂ ಹಳೆಯ ಪಾಠಗಳ ಬಗ್ಗೆ ಎಚ್ಚರ: ಪೈಥಾನಿನಲ್ಲಿ ಕೋಷ್ಟಕ ಸಂಭಾಳಿಸುವ ಪಾಂಡಾಸ್ ಪ್ಯಾಕೇಜಿನ 2.0 ಬಂದಾಗ, 2023ರ ಏಪ್ರಿಲ್‌ನಲ್ಲಿ, ಕೋಷ್ಟಕಕ್ಕೆ ಸಾಲು ಸೇರಿಸುವ 'ಅಪೆಂಡ್' ತೆಗೆದುಹಾಕಿದರು. ಅದರ ಬದಲು 'ಕಾನ್‌ಕ್ಯಾಟ್' ಬಳಸಬೇಕು. ಬ್ರೌಸರಿನಲ್ಲೇ ಪೈಥಾನ್ ನಡೆಸುವ ಗೂಗಲ್ಲಿನ ಕೊಲ್ಯಾಬ್ ಉಚಿತವಾದರೂ ನೆಟ್ ಇದ್ದರೆ ಮಾತ್ರ.

ಹಾಗಾದರೆ ಯಾರಿಗೆ ಯಾವುದು

ಎಂ.ಡಿ., ನರ್ಸಿಂಗ್, ಫಿಸಿಯೋಥೆರಪಿ ಥೀಸಿಸ್, ನೂರಿನ್ನೂರು ರೋಗಿಗಳು, ಕೈಯಲ್ಲಿ ಎರಡು ತಿಂಗಳು ಅಂದರೆ ಜಮೋವಿ. ಗೈಡ್ ಎಸ್‌ಪಿಎಸ್‌ಎಸ್ ಬಿಟ್ಟು ಬೇರೆ ಬೇಡ ಅಂದರೆ ಅದನ್ನೇ ಬಳಸಿ, ಆದರೆ ಪೇಸ್ಟ್ ಬಟನ್ ಮರೆಯಬೇಡಿ. ಪಿಎಚ್‌ಡಿ ಮಾಡುವವರು, ಪಾಠ ಮಾಡಬೇಕು ಎನ್ನುವವರು, ಮೀನುಗಾರಿಕೆ, ಕೃಷಿ, ಪರಿಸರದ ಕೆಲಸದಲ್ಲಿ ಇರುವವರು ಆರ್‌ಗೇ ಹೋಗಿ. ಒಂದು ಪೈಸೆ ಖರ್ಚಿಲ್ಲ, ಸಮಯ ಮಾತ್ರ ಬೇಕು. ದೊಡ್ಡ ಸರ್ವೆಯ ಅರ್ಥಶಾಸ್ತ್ರಕ್ಕೆ ವಿಭಾಗದಲ್ಲಿ ಸ್ಟಾಟಾ ಇದ್ದರೆ ಸ್ಟಾಟಾ, ಇಲ್ಲದಿದ್ದರೆ ಆರ್.

ಇನ್ನೂ ಮನಸ್ಸು ಡೋಲಾಯಮಾನವಾಗಿದ್ದರೆ ಹೀಗೆ ಮಾಡಿ. ನಿಮ್ಮ ಡೇಟಾದಲ್ಲಿ 30 ಸಾಲು ತೆಗೆದುಕೊಳ್ಳಿ. ಹೆಸರು, ಆಸ್ಪತ್ರೆ ನಂಬರ್ ತೆಗೆದುಹಾಕಿ. ಒಂದು ಸಂಜೆ ಕೂತು ಒಂದೇ ಒಂದು ಕೋಷ್ಟಕ ಮಾಡಿ. ಫೈಲನ್ನು ಬೇರೆ ಊರಿನಲ್ಲಿರುವ ಗೆಳತಿಗೆ ಕಳಿಸಿ, ಫೋನಿನಲ್ಲಿ ಏನೂ ವಿವರಿಸಬೇಡಿ. ಅವಳಿಗೆ ಅದೇ ಸಂಖ್ಯೆ ಬರುತ್ತದಾ ನೋಡಿ. ಬಂದರೆ ಆ ಸಾಫ್ಟ್‌ವೇರ್ ನಿಮಗೆ ಒಗ್ಗಿದೆ ಅಂತ ಅರ್ಥ.

ಮಳೆಯಲ್ಲಿ ಬಂದ ಆ ಹುಡುಗಿ ಆಮೇಲೆ ಪೂರ್ತಿ ಕೆಲಸವನ್ನು ಜಮೋವಿಯಲ್ಲಿ ಮತ್ತೆ ಮಾಡಿದಳು. ಎರಡು ಸಲ ಎಂಟ್ರಿ ಆದ ಮೂವರನ್ನು ಅಳಿಸಲಿಲ್ಲ. ಒಂದು ಫಿಲ್ಟರ್ ಹಾಕಿ, "ಎರಡನೇ ಎಂಟ್ರಿ, ಬಿಟ್ಟಿದೆ" ಅಂತ ಅದರ ಕೆಳಗೆ ಬರೆದಳು. ಪತ್ರಿಕೆಗೆ ಕಳಿಸುವ ಹಿಂದಿನ ರಾತ್ರಿ ಫೈಲನ್ನು ನನಗೆ ಮೇಲ್ ಮಾಡಿದಳು. ಜೊತೆಗೆ ಒಂದೇ ಸಾಲು: "ಮೇಡಂ, ನಿಮ್ಮಲ್ಲಿ ಎಷ್ಟು ಬರ್ತದೆ ನೋಡಿ." ತೆರೆದೆ. ನನ್ನ ಲ್ಯಾಪ್‌ಟಾಪಿನಲ್ಲೂ 81 ಬಂತು.